ಪದಚರ್ಚೆ: 'ಅಲ್ ದೆಂತೆ'ಗೆ 'ಅರೆಬೆಂದ' ಸರಿಯೇ? ಪಾಸ್ತಾ ಮಾತುಗಳ ಕುರಿತು

ಎಲ್ಲರಿಗೂ ನಮಸ್ಕಾರ.

ಊಟದ ಸಲುವಾಗಿಯೇ ಇಟಲಿಗೆ ಹೋಗಿ ಬಂದಿದ್ದೇನೆ. ರೋಮ್, ಬೊಲೊನ್ಯಾ, ಕೊನೆಗೆ ದಕ್ಷಿಣದ ಪುಲ್ಯಾ ಪ್ರಾಂತ್ಯ. ಆ ಪ್ರವಾಸವನ್ನು ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಊರು, ರೈಲು, ಸಮುದ್ರದ ಬಗ್ಗೆ ಬರೆಯುವಾಗ ಮಾತಿಗೆ ತಡಕಾಡಲಿಲ್ಲ. ತಟ್ಟೆಯ ಹತ್ತಿರ ಬಂದಾಗ ಮಾತ್ರ ಪ್ರತಿ ಸಾಲಿನಲ್ಲೂ ಕೈ ನಿಲ್ಲುತ್ತಿದೆ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮುಖ್ಯ ಪ್ರಶ್ನೆ 'ಅಲ್ ದೆಂತೆ' ಕುರಿತದ್ದು. ಪಾಸ್ತಾ ಯಾವ ಹದಕ್ಕೆ ಬೇಯಬೇಕು ಎಂದು ಇಟಲಿಯವರು ಹೇಳುವ ಮಾತು ಇದು. ನಾನು ಓದಿದ ಕನ್ನಡ ಅಡುಗೆ ಬರಹಗಳಲ್ಲಿ ಇದಕ್ಕೆ 'ಅರೆಬೆಂದ' ಎಂದೋ 'ಮುಕ್ಕಾಲು ಬೆಂದ' ಎಂದೋ ಇರುತ್ತದೆ. ಎರಡೂ ನನಗೆ ಒಪ್ಪಿಗೆಯಾಗುತ್ತಿಲ್ಲ. ಕನ್ನಡದಲ್ಲಿ 'ಅರೆಬೆಂದ' ಎಂದರೆ ದೂರು. ಅರೆಬೆಂದ ಅನ್ನ ತಿಂದರೆ ಹೊಟ್ಟೆ ನೋಯುತ್ತದೆ, ಅರೆಬೆಂದ ಕಾಯಿಪಲ್ಯವನ್ನು ಮತ್ತೆ ಒಲೆಗೆ ಇಡುತ್ತೇವೆ. 'ಮುಕ್ಕಾಲು' ಎಂದರೆ ಇನ್ನೂ ಕಾಲು ಭಾಗ ಬಾಕಿ ಎಂದಾಯಿತು. ಅಲ್ ದೆಂತೆ ಹಾಗಲ್ಲ, ಅದು ಮೆಚ್ಚುಗೆ. ಬೇಯುವುದು ಅಲ್ಲಿಗೆ ಮುಗಿದಿದೆ, ಇನ್ನು ಒಂದು ನಿಮಿಷ ಬಿಟ್ಟರೆ ಕೆಡುತ್ತದೆ.

ಪದ ಬಿಡಿಸಿದರೆ 'ಅಲ್' ಎಂದರೆ 'ಗೆ', 'ದೆಂತೆ' ಎಂದರೆ ಹಲ್ಲು. ಲ್ಯಾಟಿನ್ ಮೂಲದ ಈ 'ದೆಂತೆ'ಯೂ ಸಂಸ್ಕೃತದ 'ದಂತ'ವೂ ಒಂದೇ ಬೇರಿನವು. ಅಂದರೆ ಇಡೀ ಪದಗುಚ್ಛದ ನೇರ ಅರ್ಥ 'ಹಲ್ಲಿಗೆ'. ಇದನ್ನು ತಿಳಿದ ದಿನವೇ ನನ್ನ ಅವ್ವನ ಮಾತು ನೆನಪಾಯಿತು. ಧಾರವಾಡದ ಕಡೆ ಶ್ಯಾವಿಗೆಯನ್ನು ಕುದಿಯುವ ನೀರಿಗೆ ಹಾಕಿ, ಬಸಿದು, ತುಪ್ಪ, ಸಕ್ಕರೆ, ಹಾಲು ಹಾಕಿಕೊಂಡು ತಿನ್ನುತ್ತೇವೆ. ನಾನು ಒಲೆಯ ಮುಂದೆ ನಿಂತಾಗಲೆಲ್ಲ ಅವ್ವ ಹೇಳುತ್ತಿದ್ದದ್ದು ಒಂದೇ: "ಭಾಳ ಕುದಿಸಬ್ಯಾಡವಾ, ಹಲ್ಲಿಗೆ ಸಿಗಬೇಕು." ಇಟಲಿಯ ಹೆಸರು ಕೇಳಿದ್ದಳೋ ಇಲ್ಲವೋ, ಅಲ್ಲಿನ ಅಡುಗೆಮನೆಯ ಮಾತು ಅವಳ ಬಾಯಲ್ಲಿ ಇದ್ದೇ ಇತ್ತು.

ಹಾಗಾಗಿ ನನ್ನ ಬರಹದಲ್ಲಿ 'ಹಲ್ಲಿಗೆ ಸಿಗುವ ಹದ' ಎಂದು ಬಳಸಬೇಕೆಂದಿದ್ದೇನೆ. ಒಂದು ಅಡ್ಡಿ ನನಗೇ ಕಾಣುತ್ತಿದೆ. "ಅನ್ನದಲ್ಲಿ ಕಲ್ಲು ಹಲ್ಲಿಗೆ ಸಿಕ್ಕಿತು" ಎಂದೂ ಹೇಳುತ್ತೇವಲ್ಲ. ಅಲ್ಲಿ 'ಸಿಕ್ಕಿತು' ಎನ್ನುವುದು ಬೇಡದ್ದು ಎದುರಾದ ಮಾತು. ಆದರೆ 'ಸಿಗಬೇಕು', 'ಸಿಗುವಂತಿರಬೇಕು' ಎಂದಾಗ ಅರ್ಥ ತಾನಾಗಿ ತಿರುಗುತ್ತದೆ. ಸಾಂಬಾರಿನ ಹೋಳು, ಕೋಸಂಬರಿಯ ಬೇಳೆ ಹಲ್ಲಿಗೆ ಸಿಗಬೇಕು ಎಂದರೆ ಯಾರೂ ಕಲ್ಲನ್ನು ನೆನೆಯುವುದಿಲ್ಲ. 'ಹದ' ಸೇರಿಸಿದರೆ ಸಂಶಯ ಪೂರ್ತಿ ಹೋಗುತ್ತದೆ ಎಂದು ನನ್ನ ಅನಿಸಿಕೆ. ಹಳೆ ಮೈಸೂರಿನ ಕಡೆ, ಕರಾವಳಿಯ ಕಡೆ ಇದನ್ನು ಹೇಗೆ ಕೇಳಿಸಿಕೊಳ್ಳುತ್ತೀರಿ?

ಇನ್ನೊಂದು ತೊಡಕು ಪರೀಕ್ಷೆಯದು. ಅನ್ನ ಬೆಂದಿದೆಯೇ ಎಂದು ನಾವು ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ನೋಡುತ್ತೇವೆ. ಅಲ್ಲಿ ಒಂದು ಎಳೆ ತೆಗೆದು ಕಚ್ಚಿ ನೋಡುತ್ತಾರೆ. ಕಚ್ಚಿದ ಕಡೆ ನಡುವೆ ಬಿಳಿಯ ಚುಕ್ಕೆ ಕಾಣುತ್ತದೆ, ನೀರು ಇನ್ನೂ ತಲುಪದ ಭಾಗ. ಅದನ್ನು 'ಆನಿಮಾ' ಎನ್ನುತ್ತಾರೆ, 'ಆತ್ಮ'. ಅಕ್ಕಿಯಲ್ಲಾದರೆ ನಾವು 'ಇನ್ನೂ ಅಕ್ಕಿ ಅಕ್ಕಿಯಾಗಿದೆ' ಎಂದು ಬಿಡುತ್ತೇವೆ, ಆ ಬಿಳಿ ಚುಕ್ಕೆಗೆ ಬೇರೆ ಹೆಸರಿಲ್ಲ. 'ತಿರುಳು' ಎಂದರೆ ಮೆತ್ತಗಿನ ಭಾಗ ಎನ್ನುವ ಭಾವ ಬರುತ್ತದೆ. ನಾನು ಸದ್ಯಕ್ಕೆ, ಒಳಗಿನ ಕಾಳು ಎಂಬ ಅರ್ಥದಲ್ಲಿ, 'ಒಳಗಾಳು' ಎಂದು ಬರೆದಿಟ್ಟಿದ್ದೇನೆ. ಒಳ್ಳೆಯದು ಹೊಳೆದರೆ ದಯವಿಟ್ಟು ಹೇಳಿ.

ನೇಪಲ್ಸ್ ಕಡೆಯವರಿಗೆ ಪಾಸ್ತಾ ಇನ್ನೂ ಗಟ್ಟಿ ಬೇಕು. ಅದಕ್ಕೆ ಅವರ ಆಡುಮಾತಿನಲ್ಲಿ 'ವಿಯೆರ್ದಿ ವಿಯೆರ್ದಿ' ಎನ್ನುವುದುಂಟು. ಅಕ್ಷರಶಃ 'ಹಸಿರು ಹಸಿರು', ಬಲಿಯದ ಕಾಯಿಯ ಹಾಗೆ. ಕನ್ನಡದ ನಾವು ಇದಕ್ಕೆ ಒದ್ದಾಡಬೇಕಾಗಿಯೇ ಇಲ್ಲ. ನಮ್ಮ 'ಹಸಿ'ಯಲ್ಲೇ ಬೇಯದ್ದೂ ಇದೆ, 'ಹಸಿರೂ' ಇದೆ. 'ಹಸಿಹಸಿ' ಎಂದು ಎರಡು ಸಲ ಹೇಳುವ ರೂಢಿಯೂ ಇದೆ. ಇಷ್ಟು ಹೊಂದುವ ಪದ ನನಗೆ ಇನ್ನೊಂದು ಸಿಕ್ಕಿಲ್ಲ.

ಹಿಟ್ಟಿನ ಮಾತಿಗೆ ಬರುತ್ತೇನೆ, ಏಕೆಂದರೆ ಹದ ಇರುವುದು ಹಿಟ್ಟಿನಲ್ಲಿ. ಬೊಲೊನ್ಯಾ ಇರುವ ಉತ್ತರದಲ್ಲಿ ಮೆದು ಗೋಧಿಯ ಹಿಟ್ಟಿಗೆ ಮೊಟ್ಟೆ ಹಾಕಿ ನಾದಿ, ಲಟ್ಟಿಸಿ, ಕೊಯ್ಯುತ್ತಾರೆ. ಅಲ್ಲಿನ ಪಟ್ಟಿಯಂಥ ಪಾಸ್ತಾ 'ತಾಲ್ಯತೆಲ್ಲೆ'ಯ ಹೆಸರೇ ಕೊಯ್ಯುವ ಕ್ರಿಯೆಯಿಂದ ಬಂದದ್ದು. ಬೆಂದ ಮೇಲೆ ಅದರ ಅಗಲ 8 ಮಿಲಿಮೀಟರ್ ಇರಬೇಕೆಂದು 1972ರಲ್ಲಿ ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ ದಾಖಲು ಮಾಡಿಟ್ಟಿದ್ದಾರೆ. ದಕ್ಷಿಣದಲ್ಲಿ ಮೊಟ್ಟೆ ಇಲ್ಲ, ಗಟ್ಟಿ ಗೋಧಿಯ ರವೆ ಮತ್ತು ನೀರು ಅಷ್ಟೇ. ಒಣ ಪಾಸ್ತಾವನ್ನು ಗಟ್ಟಿ ಗೋಧಿಯಿಂದಲೇ ಮಾಡಬೇಕೆಂದು 1967ರಿಂದ ಇಟಲಿಯಲ್ಲಿ ಕಾಯಿದೆಯೇ ಇದೆ. ಈ ಗೋಧಿಯ ಅಂಟು ಪಿಷ್ಟವನ್ನು ಬಿಗಿಯಾಗಿ ಹಿಡಿದಿಡುತ್ತದೆ. ಅದಕ್ಕೇ ಹತ್ತು ನಿಮಿಷ ಕುದಿದರೂ ಹಲ್ಲಿಗೆ ಸಿಗುತ್ತದೆ. ಎರಡು ನಿಮಿಷದಲ್ಲಿ ಬೇಯುವ ಮೊಟ್ಟೆಯ ಹಸಿ ತಾಲ್ಯತೆಲ್ಲೆಯಿಂದ ಅಷ್ಟು ತಡೆಯನ್ನು ಯಾರೂ ಬಯಸುವುದಿಲ್ಲ. ಆದ್ದರಿಂದ ಎಲ್ಲ ಪಾಸ್ತಾಕ್ಕೂ ಒಂದೇ ಹದದ ಮಾತು ಅಂಟಿಸುವುದು ಬೇಡ.

ಈ ರವೆಯನ್ನು ಕನ್ನಡದಲ್ಲಿ 'ಮೈದಾ' ಎಂದೋ 'ಗೋಧಿ ಹಿಟ್ಟು' ಎಂದೋ ಬರೆಯುವುದನ್ನು ದಯವಿಟ್ಟು ಬಿಡೋಣ. ಓದಿ ಮನೆಯಲ್ಲಿ ಮಾಡಿದವರ ಪಾಸ್ತಾ ಮುದ್ದೆಯಾಗುತ್ತದೆ. ನಮ್ಮ ಬನ್ಸಿ ರವೆ ಗಟ್ಟಿ ಗೋಧಿಯದೇ. ಪುಲ್ಯಾದವರು ಬಳಸುವ, ಎರಡನೆಯ ಸಲ ಬೀಸಿದ ನುಣ್ಣನೆಯ ರವೆಗೆ ಹೋಲಿಕೆ ಬೇಕಾದರೆ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿರುವ 'ಚಿರೋಟಿ ರವೆ' ಇದೆ.

ಇನ್ನು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವ ಕ್ರಿಯಾಪದ. ಪುಲ್ಯಾದ ಬಾರಿ ಎಂಬ ಊರಿನ ಹಳೆಯ ಭಾಗದಲ್ಲಿ ಆರ್ಕೊ ಬಾಸ್ಸೊ ಎಂಬ ಓಣಿ ಇದೆ. ಅಲ್ಲಿ ಹೆಂಗಸರು ಬಾಗಿಲ ಮುಂದೆ ಮರದ ಮಣೆ ಇಟ್ಟುಕೊಂಡು 'ಒರೆಕ್ಯೆತ್ತೆ' ಮಾಡುತ್ತಾರೆ. ಪದದ ಅರ್ಥ 'ಪುಟ್ಟ ಕಿವಿ'. ನಾನು ಒಬ್ಬ ಅಜ್ಜಿಯ ಪಕ್ಕದಲ್ಲಿ ಅರ್ಧ ತಾಸು ನಿಂತು ನೋಡಿದೆ. ಕಣಕವನ್ನು ಬೆರಳು ದಪ್ಪದ ಬತ್ತಿಯಾಗಿ ಹೊಸೆದು, ಮೊಂಡು ಚಾಕುವಿನಿಂದ ಕಡಲೆಕಾಳಿನಷ್ಟು ತುಂಡು ಮಾಡುತ್ತಾರೆ. ಅದೇ ಚಾಕುವಿನ ಅಲಗನ್ನು ತುಂಡಿನ ಮೇಲೆ ಒತ್ತಿ ತಮ್ಮ ಕಡೆಗೆ ಎಳೆಯುತ್ತಾರೆ. ತುಂಡು ಅಲಗಿನ ಅಡಿ ಸುರುಳಿಕೊಂಡು ಏಳುತ್ತದೆ. ಅದನ್ನು ಹೆಬ್ಬೆರಳ ತುದಿಗೆ ಬೋರಲಾಗಿ ಮಗುಚಿದರೆ ಕಿವಿ ಸಿದ್ಧ. ಮಣೆಗೆ ಉಜ್ಜಿದ ಮೈ ತರಿತರಿಯಾಗಿರುತ್ತದೆ, ಸೊಪ್ಪಿನ ರಸ ಹಿಡಿಯುವುದು ಆ ತರಿಯಲ್ಲೇ. ಬೆರಳಿಗೆ ಮಗುಚದೆ ಹಾಗೇ ಬಿಟ್ಟದ್ದಕ್ಕೆ ಬೇರೆ ಹೆಸರು, 'ಸ್ತ್ರಾಶಿನಾತೆ'. ಅಂದರೆ 'ಎಳೆದವು'.

'ಎಳೆದ ಪಾಸ್ತಾ' ಎಂದು ಬರೆದರೆ ಕನ್ನಡ ಓದುಗ ಏನು ಕಾಣುತ್ತಾನೆ? ಹಿಟ್ಟನ್ನು ದಾರದಂತೆ ಉದ್ದ ಎಳೆಯುವುದನ್ನು ಕಾಣುತ್ತಾನೆ. ಇದು ಆ ಎಳೆತವಲ್ಲ, ನೆಲಕ್ಕೆ ತಾಗಿಸಿ ಎಳೆಯುವುದು. 'ತೀಡು' ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಸುರುಳಿಯಾಗುವುದಿಲ್ಲ. 'ಉಜ್ಜು' ಎಂದರೆ ಪಾತ್ರೆ ನೆನಪಾಗುತ್ತದೆ. 'ಹೊಸೆ' ಎರಡು ಅಂಗೈ ನಡುವೆ ನಡೆಯುವ ಕೆಲಸ. ಶ್ಯಾವಿಗೆ ಹೊಸೆಯುವಾಗ, ಹೂಬತ್ತಿ ಹೊಸೆಯುವಾಗ ಚಾಕು ಇಲ್ಲ.

ನಮ್ಮ ಕಡೆ ಮದುವೆಗೆ ಮುಂಚೆ ಗೋಧಿಯ ಕಣಕದಿಂದ ಗವಲಿ, ಸೌತಿಬೀಜ ಎಂದು ಬೆರಳ ತುದಿಯಲ್ಲಿ ಮಾಡಿ ಒಣಗಿಸಿ ಪಾಯಸಕ್ಕೆ ಇಡುತ್ತಿದ್ದರು. ಇಟಲಿಯಲ್ಲೂ ಸಾರಿಗೆ ಹಾಕುವ ಚಿಕ್ಕ ಪಾಸ್ತಾ ಒಂದಕ್ಕೆ 'ಸೇಮಿ ದಿ ಮೆಲೋನೆ' ಎನ್ನುತ್ತಾರೆ, ಕರಬೂಜದ ಬೀಜ. ಎರಡು ದೂರದ ನಾಡಿನ ಹೆಂಗಸರು ಕಣಕದ ತುಣುಕಿನಲ್ಲಿ ಒಂದೇ ಬಗೆಯ ಬೀಜ ಕಂಡಿದ್ದಾರೆ. ಹೆಸರು ಇಡುವ ರೀತಿ ಇಷ್ಟು ಹತ್ತಿರ ಇರುವುದರಿಂದಲೇ, ಒರೆಕ್ಯೆತ್ತೆಯನ್ನು ಮೊದಲ ಸಲ ಹೇಳುವಾಗ ಅಲ್ಲಿನ ಹೆಸರಿನ ಜೊತೆ 'ಕಿವಿ ಪಾಸ್ತಾ' ಎಂದು ಧೈರ್ಯವಾಗಿ ಬರೆಯುತ್ತಿದ್ದೇನೆ.

ಬಾರಿಯಲ್ಲಿ ಇದನ್ನು 'ಚೀಮೆ ದಿ ರಾಪಾ' ಎಂಬ ಸೊಪ್ಪಿನ ಜೊತೆ ಒಂದೇ ಪಾತ್ರೆಯಲ್ಲಿ ಬೇಯಿಸುತ್ತಾರೆ. ಸಾಸಿವೆಯ ಬಂಧು, ಸಣ್ಣಗೆ ಕಹಿ, ಮೊಗ್ಗಿನ ಸಮೇತ ಕುಯ್ದದ್ದು. 'ಚೀಮೆ' ಎಂದರೆ ತುದಿಗಳು. ಕುಂಬಳದ ಕುಡಿ ತಿನ್ನುವ ನಮಗೆ 'ಕುಡಿ' ಬಿಟ್ಟು ಬೇರೆ ಪದವೇ ಬೇಡ. ಆದರೆ ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಜೊತೆ ಎಣ್ಣೆಯಲ್ಲಿ ಉಪ್ಪುಮೀನನ್ನೂ ಕರಗಿಸುತ್ತಾರೆ. ಅದು ಕಣ್ಣಿಗೆ ಕಾಣುವುದಿಲ್ಲ. ಒಂದು ಊಟದ ಮನೆಯಲ್ಲಿ ಮಾಂಸವಿಲ್ಲದ್ದು ಕೊಡಿ ಎಂದು ಕೇಳಿದ್ದೆ, ಮೀನು ಕರಗಿದ ತಟ್ಟೆಯೇ ಬಂತು. ಸಸ್ಯಾಹಾರಿಯಾದ ನನಗೆ ಅಂದು ತುಂಬ ಬೇಸರವಾಯಿತು. ಆಮೇಲೆ ತಿಳಿದದ್ದು: ಅಲ್ಲಿ ಮಾಂಸವಿಲ್ಲದ ಅಡುಗೆಗೆ 'ದಿ ಮಾಗ್ರೊ' ಎಂಬ ಹಳೆಯ ಮಾತಿದೆ, ಕ್ರೈಸ್ತರ ವ್ರತದ ದಿನಗಳಿಂದ ಬಂದದ್ದು. ಆ ವ್ರತದಲ್ಲಿ ಮೀನು ನಿಷಿದ್ಧವಲ್ಲ. 'ಸಸ್ಯಾಹಾರ' ಎಂದು ಅದನ್ನು ಅನುವಾದಿಸಿದರೆ ನಮ್ಮ ಪ್ರವಾಸಿಗರಿಗೆ ಮೋಸವಾಗುತ್ತದೆ. ಉಪವಾಸದ ದಿನ ಇಂಥದ್ದು ನಡೆಯುತ್ತದೆ, ಇಂಥದ್ದಿಲ್ಲ ಎನ್ನುವ ನಮ್ಮ 'ಫಳಾರ'ದ ಲೆಕ್ಕಕ್ಕೆ ಅದು ಹತ್ತಿರ. 'ವ್ರತದಡುಗೆ' ಎನ್ನಬಹುದೇ?

ರೋಮಿನ 'ಕಾಚೊ ಎ ಪೇಪೆ'ಯ ಬಗ್ಗೆ ಎರಡು ಮಾತು. ಕುರಿಹಾಲಿನ ಚೀಸ್, ಕರಿಮೆಣಸು, ಪಾಸ್ತಾ ಬಸಿದ ನೀರು, ಇಷ್ಟೇ. ಆ ನೀರಿಗೆ 'ಪಾಸ್ತಾ ಬೇಯಿಸಿದ ಪಿಷ್ಟಯುಕ್ತ ನೀರು' ಎಂದು ಬರೆಯುವ ಬದಲು 'ಗಂಜಿ' ಎಂದರೆ ಮುಗಿಯಿತು. 'ಕಾಚೊ'ಗೆ 'ಗಿಣ್ಣು' ಬೇಡ, ಈದ ಹಸುವಿನ ಮೊದಲ ಹಾಲಿನದು ಗಿಣ್ಣು, 'ಚೀಸ್' ಎಲ್ಲರಿಗೂ ತಿಳಿಯುತ್ತದೆ. 'ಪೇಪೆ' ಮಾತ್ರ ನಮ್ಮ ಕಡೆಯಿಂದಲೇ ಹೋದ ಪದ: 'ಪಿಪ್ಪಲಿ' ಗ್ರೀಕ್, ಲ್ಯಾಟಿನ್ ದಾಟಿ 'ಪೇಪೆ' ಆಯಿತು, ಕನ್ನಡದಲ್ಲಿ 'ಹಿಪ್ಪಲಿ'ಯಾಗಿ ಉಳಿಯಿತು. ರೋಮಿನವನೇ ಆದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ಚುಗೀಸ್ ನಿಯೋಗದ ಜೊತೆ ಇಕ್ಕೇರಿಗೆ ಬಂದಿದ್ದ. ಆ ಮೆಣಸಿನ ಸೀಮೆಯ ದಾರಿಯನ್ನು ಅವನು ಕಣ್ಣಾರೆ ಕಂಡವನು.

ಕಾಗುಣಿತದ ಬಗ್ಗೆಯೂ ಒಂದು ಕೋರಿಕೆ. ಇಟಲಿಯವರ ತ, ದ ನಮ್ಮ ತ, ದಗಳೇ. ಇಂಗ್ಲಿಷ್ ಮೂಲಕ ಬಂದ 'ಪಾಸ್ಟಾ', 'ಡೆಂಟೆ' ಬಿಟ್ಟು 'ಪಾಸ್ತಾ', 'ದೆಂತೆ' ಎಂದೇ ಬರೆಯೋಣ. ಒತ್ತಕ್ಷರವನ್ನೂ ಬಿಡಬಾರದು. 'ಸೆತೆ' ಎಂದರೆ ಬಾಯಾರಿಕೆ, 'ಸೆತ್ತೆ' ಎಂದರೆ ಏಳು.

ಕೊನೆಗೆ ಮತ್ತೆ ಆ ಕ್ರಿಯಾಪದವನ್ನೇ ಕೇಳುತ್ತೇನೆ. ಮಣೆಗೆ ತಾಗಿಸಿ, ಒತ್ತಿ, ತನ್ನ ಕಡೆಗೆ ಎಳೆದು, ಸುರುಳಿ ಏಳಿಸುವ ಈ ಒಂದೇ ಕೈಚಲನೆಗೆ ನಿಮ್ಮ ಮನೆಯಲ್ಲಿ, ಊರಲ್ಲಿ ಮಾತಿದೆಯೇ? ಅಡುಗೆಯದೇ ಆಗಬೇಕೆಂದಿಲ್ಲ. ಬಡಗಿಯ ಉಜ್ಜುಗೊರಡಿನಿಂದ ಹೆರೆ ಏಳುವುದಕ್ಕೆ, ಚಮ್ಮಾರ ತೊಗಲು ಹೆರೆಯುವುದಕ್ಕೆ ಇರುವ ಮಾತಾದರೂ ಸರಿ. ಮನೆಯ ಹಿರಿಯರನ್ನು ಕೇಳಿ ತಿಳಿಸಿದರೆ ಉಪಕಾರವಾಗುತ್ತದೆ, ಯಾವ ಊರಿನ ಬಳಕೆ ಎಂಬುದನ್ನೂ ಬರೆಯಿರಿ.