ಪುಟ್ಟನ ಟೆನಿಸ್ ರಾಕೆಟ್ ಬಗ್ಗೆ ಅಕ್ಕನಿಗೆ

ಅಕ್ಕಾ, ನಿನ್ನೆ ರಾತ್ರಿ ನೀನು ಗ್ರೂಪಲ್ಲಿ ಹಾಕಿದ್ದನ್ನ ಈಗ ನೋಡ್ದೆ. ಪುಟ್ಟನಿಗೆ ಬಾಬೊಲಾಟ್ ರಾಕೆಟ್ ಕೊಡಿಸೋದಾ ವಿಲ್ಸನ್ ಕೊಡಿಸೋದಾ, ಟೆನಿಸ್ ಆಟಗಾರ ಅಲ್ಕರಾಜ್ ಹಿಡಿಯೋ ಹಳದಿ ರಾಕೆಟ್ಟೇ ಬೇಕು ಅಂತ ಹಠ ಮಾಡ್ತಿದ್ದಾನೆ, ಶನಿವಾರ ಮೈಸೂರಿಗೆ ಹೋಗ್ತೀವಿ, ಅಷ್ಟರೊಳಗೆ ಹೇಳು ಅಂತ. ಅದರ ಕೆಳಗೇ ಭಾವನೂ ತಮಗೊಂದು ಬೇಕು, ಮೊಣಕೈ ನೋಯ್ತಿದೆ, ಬಕೆಟ್ ಎತ್ತುವಾಗಲೂ ನೋವು ಅಂತ ಬರೆದಿದ್ದಾರೆ. ಟೈಪ್ ಮಾಡ್ತಾ ಕೂತರೆ ಮುಗಿಯಲ್ಲ, ಅದಕ್ಕೆ ಮಾತಲ್ಲೇ ಹೇಳ್ತೀನಿ. ಉದ್ದ ಆಗುತ್ತೆ, ಇಬ್ಬರೂ ಪೂರ್ತಿ ಕೇಳಿ.

ಮೊದಲು ಬ್ರಾಂಡ್ ಲೆಕ್ಕ ಬಿಟ್ಟುಬಿಡು ಅಕ್ಕ. ಪ್ರತಿ ಕಂಪನಿನೂ ಎಲ್ಲಾ ಥರದ ಆಟಕ್ಕೂ ರಾಕೆಟ್ ಮಾಡುತ್ತೆ. ಬಾಬೊಲಾಟನ್ನೇ ತಗೋ. ಅವರು ಫ್ರಾನ್ಸಿನ ಲಿಯೋನ್ ಊರಿನವರು, 1875ರಿಂದ ಇರೋ ಕಂಪನಿ, ಶುರು ಮಾಡಿದ್ದು ತಂತಿಯಿಂದ, ರಾಕೆಟ್ ಮಾಡೋಕೆ ಬಂದಿದ್ದು 1994ರಲ್ಲಿ. ಅವರಲ್ಲೇ ಪ್ಯೂರ್ ಏರೋ ಅಂದ್ರೆ ಸ್ಪಿನ್ನಿಗೆ, ಅಂದ್ರೆ ಚೆಂಡು ತಿರುಗಿಸೋಕೆ, ಪ್ಯೂರ್ ಡ್ರೈವ್ ಪವರ್‌ಗೆ, ಪ್ಯೂರ್ ಸ್ಟ್ರೈಕ್ ಕಂಟ್ರೋಲ್‌ಗೆ. ವಿಲ್ಸನ್‌ನಲ್ಲಿ ಅಲ್ಟ್ರಾ ಪವರ್‌ಗೆ, ಬ್ಲೇಡ್ ಕಂಟ್ರೋಲ್‌ಗೆ, ಕ್ಲಾಶ್ ಕೈಗೆ ಮೆತ್ತಗೆ. ಯೋನೆಕ್ಸ್‌ನಲ್ಲಿ ಈಜೋನ್, ವೀಕೋರ್, ಪರ್ಸೆಪ್ಟ್. ಹೆಡ್‌ನಲ್ಲೂ ಹೀಗೇ. ಆದ್ದರಿಂದ ಯಾವ ಕಂಪನಿ ಅಂತ ಕೇಳೋ ಬದಲು ಪುಟ್ಟ ಹೇಗೆ ಹೊಡೀತಾನೆ ಅಂತ ಕೇಳ್ಬೇಕು.

ಅದು ನನಗೆ ಗೊತ್ತುಂಟು. ಅವನ ಹಳೇ ರಾಕೆಟ್ ಗಟ್ಟಿಂಗ್‌ಗೆ, ಅಂದ್ರೆ ಹೊಸ ತಂತಿ ಹಾಕೋಕೆ, ನನ್ನ ಹತ್ರ ಬಂದಿತ್ತಲ್ಲ, ಆಗ ತಂತಿ ಕತ್ತರಿಸೋ ಮೊದಲು ದೀಪದ ಕೆಳಗೆ ಹಿಡಿದು ನೋಡಿದ್ದೆ. ಜೋರಾಗಿ ಟಾಪ್‌ಸ್ಪಿನ್, ಅಂದ್ರೆ ಚೆಂಡನ್ನ ಮೇಲಕ್ಕೆ ಉಜ್ಜಿ ತಿರುಗಿಸಿ, ಹೊಡೆಯೋ ಮಕ್ಕಳ ರಾಕೆಟ್ಟಲ್ಲಿ ಉದ್ದ ತಂತಿ ಅಡ್ಡ ತಂತಿ ಮೇಲೆ ಜಾರಿ ಜಾರಿ, ದಾಟೋ ಜಾಗದಲ್ಲೆಲ್ಲ ಗರಗಸ ಆಡಿಸಿದ ಹಾಗೆ ಕಚ್ಚು ಬಿದ್ದಿರುತ್ತೆ, ಕೊನೆಗೆ ಅಲ್ಲೇ ಹರಿಯುತ್ತೆ. ಪುಟ್ಟನ ತಂತಿಯಲ್ಲಿ ಕಚ್ಚೇ ಇರಲಿಲ್ಲ. ಚೆಂಡಿನ ನಾರು ಮಾತ್ರ ನಡುವಲ್ಲಿ ಒಂದೇ ಕಡೆ ಗುಂಪಾಗಿ ಅಂಟಿತ್ತು. ಅಂದ್ರೆ ಅವನು ಫ್ಲಾಟ್ ಹೊಡೀತಾನೆ, ಚೆಂಡು ತಿರುಗಿಸದೆ ನೇರವಾಗಿ, ನಡುವಿಗೇ ಹೊಡೀತಾನೆ. ಆಟ ನೋಡಿದಾಗಲೂ ಅದೇ, ಸರ್ವ್ ಹಾಕಿ ನೆಟ್ಟಿಗೆ ಓಡೋನು ಅವನು. ಇಷ್ಟು ಚಿಕ್ಕ ವಯಸ್ಸಿಗೆ ವಾಲಿ, ಅಂದ್ರೆ ಚೆಂಡು ನೆಲಕ್ಕೆ ಬೀಳೋ ಮೊದಲೇ ಹೊಡೆಯೋದನ್ನ, ಅಷ್ಟು ಚೊಕ್ಕವಾಗಿ ಆಡೋ ಹುಡುಗರು ಈಗ ಕಮ್ಮಿ. ಅದು ಬರೋದು ಹಾಕಿ ಆಡಿದ ಕೈಯಿಂದ ಅಂತ ನನಗೆ ಅನ್ನಿಸುತ್ತೆ. ಅದನ್ನ ದಯವಿಟ್ಟು ಕೆಡಿಸ್ಬೇಡಿ.

ಅವನು ಕೇಳ್ತಿರೋ ಆ ಹಳದಿ ರಾಕೆಟ್, ಪ್ಯೂರ್ ಏರೋ, ಕೆಟ್ಟದ್ದಲ್ಲ, ತುಂಬಾ ಒಳ್ಳೆ ರಾಕೆಟ್. ಆದರೆ ಅದು ಕೆಳಗಿಂದ ಮೇಲಕ್ಕೆ ಚೆಂಡನ್ನ ಉಜ್ಜಿ ಹೊಡೆಯೋರಿಗೆ, ನಡಾಲ್ ಥರ, ಅಲ್ಕರಾಜ್ ಥರ. ಫ್ಲಾಟ್ ಹೊಡೆಯೋನ ಕೈಗೆ ಕೊಟ್ರೆ ಚೆಂಡು ಅವನು ಅಂದುಕೊಂಡದ್ದಕ್ಕಿಂತ ಮೇಲೆ ಏಳುತ್ತೆ, ಕೋರ್ಟಿನ ಕೊನೇ ಗೆರೆ ಬೇಸ್‌ಲೈನ್ ದಾಟುತ್ತೆ. ಮಡಿಕೇರಿಯಲ್ಲಂತೂ ಇನ್ನೂ ಹೆಚ್ಚು. ನೀವಿರೋದು ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲೆ, ಗಾಳಿ ತೆಳು, ಚೆಂಡಿಗೆ ತಡೆ ಕಮ್ಮಿ. ಮ್ಯಾಡ್ರಿಡ್ ಇರೋದು ಸುಮಾರು 650 ಮೀಟರಲ್ಲಿ, ಅಲ್ಲಿಯೇ ಚೆಂಡು ಹಾರುತ್ತೆ, ಹಿಡಿತಕ್ಕೆ ಸಿಗಲ್ಲ ಅಂತ ದೊಡ್ಡ ದೊಡ್ಡ ಆಟಗಾರರು ಹೇಳ್ತಾರೆ. ಫೆಬ್ರವರಿ, ಮಾರ್ಚಲ್ಲಿ ಒಣ ಹವೆಯಲ್ಲಿ ನಿಮ್ಮ ಕ್ಲಬ್ ಕೋರ್ಟಲ್ಲಿ ಪವರ್ ರಾಕೆಟ್ ಹಿಡಿದೋರ ಚೆಂಡು ಹಿಂದಿನ ಬೇಲಿಗೆ ಹೋಗೋದು ನೀನೂ ನೋಡಿರ್ತೀಯ. ಹಾಗಾಗಿ ಪುಟ್ಟನಿಗೆ ಕಂಟ್ರೋಲ್ ಕಡೆಯದ್ದೇ ನೋಡಿ. ಬ್ಲೇಡ್ 100ಎಲ್ ನನ್ನ ಮೊದಲ ಆಯ್ಕೆ. ಅದು ಸಿಗದಿದ್ರೆ ಹೆಡ್ ಸ್ಪೀಡ್‌ನಲ್ಲಿ ಹಗುರದ್ದು.

ಈ ಎಲ್ ಅಂದ್ರೆ ಹಗುರ, ಅದು ಮುಖ್ಯ. ರಾಕೆಟ್ ಕತ್ತಿನ ಒಳಮೈಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ, ತೂಕ ಎಷ್ಟು ಗ್ರಾಂ, ತಲೆ ಎಷ್ಟು ಚದರ ಇಂಚು, ತಂತಿ 16 ಉದ್ದ 19 ಅಡ್ಡ, ಹೀಗೆ. ಅಂಗಡಿಯವರು ಬಣ್ಣ ತೋರಿಸ್ತಿರುವಾಗ ನೀನು ಅದನ್ನ ಓದು. ಪುಟ್ಟನಿಗೆ ಈಗ 14, ಎತ್ತರ ಉಂಟು, ಭುಜ ಇನ್ನೂ ತುಂಬಿಲ್ಲ. 27 ಇಂಚಿನ ದೊಡ್ಡವರ ರಾಕೆಟ್ಟೇ ಸರಿ, ಆದರೆ ತಂತಿ ಇಲ್ಲದೆ 285 ಗ್ರಾಂ ಸಾಕು, ತಲೆ 100. 300 ಗ್ರಾಂದು ಎರಡು ವರ್ಷ ಬಿಟ್ಟು ನೋಡೋಣ. ಫೆಡರರ್ ಹೆಸರಿನ ಪ್ರೊ ಸ್ಟಾಫ್ 340 ಗ್ರಾಂ ಇತ್ತು, ಅದನ್ನ ಆಸೆಪಟ್ಟು ತಗೊಂಡು ಮೂರನೇ ಗೇಮಿಗೇ ತೋಳು ಬಿದ್ದುಹೋದ ದೊಡ್ಡವರನ್ನೇ ನಾನು ನೋಡಿದ್ದೀನಿ. ಇನ್ನೊಂದು ಮಾತು ಪುಟ್ಟನಿಗೆ ಹೇಳು. ಟಿವಿಯಲ್ಲಿ ಕಾಣೋ ರಾಕೆಟ್ಟೂ ಅಂಗಡಿಯಲ್ಲಿರೋದೂ ಒಂದೇ ಆಗಿರಬೇಕಂತಿಲ್ಲ. ಎಷ್ಟೋ ಆಟಗಾರರು ತಮಗೆ ಒಗ್ಗಿದ ಹಳೇ ಫ್ರೇಮಿಗೇ ಹೊಸ ಮಾಡೆಲ್ ಬಣ್ಣ ಹೊಡೆಸಿ, ಸೀಸದ ಪಟ್ಟಿ ಅಂಟಿಸಿ ತೂಕ ಹೊಂದಿಸ್ಕೋತಾರೆ. ಅವನಿಗೆ ಮಾದರಿ ಬೇಕು ಅಂದ್ರೆ ನಮ್ಮ ರೋಹನ್ ಬೋಪಣ್ಣನ ಡಬಲ್ಸ್ ಹಾಕಿ ತೋರಿಸು. ಆ ಸರ್ವ್, ಆಮೇಲೆ ನೆಟ್ಟಲ್ಲಿ ಆ ಒಂದು ಹೊಡೆತ. 2024ರಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಅವರಿಗೆ 43 ವರ್ಷ. ಪುಟ್ಟನ ಆಟ ಆ ಕಡೆಯದ್ದು, ಅಲ್ಕರಾಜ್ ಕಡೆಯದ್ದಲ್ಲ.

ಗ್ರಿಪ್ ಅಳತೆ ಬೇಗ ಹೇಳ್ಬಿಡ್ತೀನಿ. ಹಿಡಿ ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಹಿಡಿಸ್ಬೇಕು. ಎರಡರ ನಡುವೆ ಅನುಮಾನ ಬಂದ್ರೆ ಸಣ್ಣದು ತಗೊಳ್ಳಿ, ಮೇಲೆ ಓವರ್‌ಗ್ರಿಪ್ ಪಟ್ಟಿ ಸುತ್ತಿ ದಪ್ಪ ಮಾಡ್ಬಹುದು. ದಪ್ಪದ್ದನ್ನ ತೆಳು ಮಾಡೋದು ಕಷ್ಟ.

ಇನ್ನು ಭಾವ, ನಿಮಗೆ. ನೀವು ಹೊಸ ರಾಕೆಟ್ ತಗೊಳ್ಳೋ ಮೊದಲು ತಂತಿ ಬದಲಾಯಿಸಿ. ನಿಮ್ಮದರಲ್ಲಿ ಇರೋದು ಪಾಲಿಯೆಸ್ಟರ್, ಹಾಕಿಸಿ ವರ್ಷ ಕಳೆದಿರ್ಬೇಕು. ಹರಿದಿಲ್ಲ ಅಂತ ನೀವು ಖುಷಿಯಾಗಿದ್ದೀರಿ, ಆದರೆ ಪಾಲಿಯೆಸ್ಟರ್ ಹರಿಯೋಕೆ ತುಂಬಾ ಮೊದಲೇ ಸತ್ತುಹೋಗುತ್ತೆ. ಎಳೆತ ಇಳಿದು ಚಿಮ್ಮೋ ಗುಣ ಹೋಗುತ್ತೆ, ಆಮೇಲೆ ಚೆಂಡನ್ನ ದೂಡೋ ಕೆಲಸ ಎಲ್ಲಾ ನಿಮ್ಮ ತೋಳಿಂದೇ, ಪೆಟ್ಟೆಲ್ಲಾ ಮೊಣಕೈಗೆ. ವಾರಕ್ಕೆ ಎಷ್ಟು ದಿನ ಆಡ್ತೀರೋ ವರ್ಷಕ್ಕೆ ಅಷ್ಟು ಸಲ ಗಟ್ಟಿಂಗ್ ಮಾಡಿಸ್ಬೇಕು ಅನ್ನೋದು ಹಳೇ ಲೆಕ್ಕ, ಅದು ಸರಿಯಾದದ್ದೇ. ನಾನು ನಿಮಗೆ ಮಲ್ಟಿಫಿಲಮೆಂಟ್ ಹಾಕ್ತೀನಿ, ಅದು ಸಣ್ಣ ಸಣ್ಣ ಎಳೆ ಸೇರಿಸಿ ಮಾಡಿದ ಮೆತ್ತನೆ ತಂತಿ. ಎಳೆತನೂ ಎರಡು ಪೌಂಡ್ ಇಳಿಸ್ತೀನಿ. ನ್ಯಾಚುರಲ್ ಗಟ್ ಕೈಗೆ ಇನ್ನೂ ಹಿತ, ಆದರೆ ಅದಕ್ಕೆ ತೇವ ಆಗಲ್ಲ, ನಮ್ಮ ಜುಲೈ ಮಳೆಗೆ ಆ ದುಡ್ಡು ಹಾಕ್ಬೇಡಿ. ಒಂದು ತಿಂಗಳು ಮೆತ್ತಗೆ ಆಡಿ ನೋಡಿ. ಆಮೇಲೂ ರಾಕೆಟ್ ಬೇಕೇ ಅನ್ನಿಸಿದ್ರೆ ಕ್ಲಾಶ್ ನೋಡೋಣ, ಅದರ ಫ್ರೇಮ್ ಬಾಗುತ್ತೆ, ಪೆಟ್ಟು ಕೈಗೆ ಅಷ್ಟು ಹತ್ತಲ್ಲ. ಆದರೆ ಬಕೆಟ್ ಎತ್ತುವಾಗಲೂ ನೋವು ಅಂದ್ರಲ್ಲ, ಅದು ರಾಕೆಟ್ಟಿಂದ ವಾಸಿಯಾಗೋ ನೋವಲ್ಲ. ಮೊದಲು ಡಾಕ್ಟರಿಗೆ ತೋರಿಸಿ, ಆಡೋದು ಆಮೇಲೆ.

ಅಕ್ಕ, ಶನಿವಾರ ಅಂಗಡಿಯಲ್ಲಿ ಆಡಿ ನೋಡೋಕೆ ಕೊಡೋ ಡೆಮೋ ರಾಕೆಟ್ ಉಂಟಾ ಅಂತ ಮೊದಲೇ ಫೋನ್ ಮಾಡಿ ಕೇಳು. ಇದ್ರೆ ಬ್ಲೇಡ್ ಒಂದು, ಪ್ಯೂರ್ ಏರೋ ಒಂದು, ಎರಡನ್ನೂ ಪುಟ್ಟನ ಕೈಗೆ ಕೊಟ್ಟು ಸರ್ವ್, ವಾಲಿ ಹೊಡೆಸು, ಬಣ್ಣದ ಆಸೆಗೆ ಉತ್ತರ ಅವನಿಗೇ ಸಿಗುತ್ತೆ. ತಗೊಳ್ಳುವಾಗ ತಂತಿ ಹಾಕದ ಫ್ರೇಮ್ ಕೇಳು. ಭಾನುವಾರ ವಿರಾಜಪೇಟೆಗೆ ಬರ್ತೀರಲ್ಲ, ಅದನ್ನೂ ಭಾವನ ಹಳೇ ರಾಕೆಟ್ಟನ್ನೂ ತಗೊಂಡು ಬನ್ನಿ, ಮಧ್ಯಾಹ್ನದೊಳಗೆ ಎರಡಕ್ಕೂ ಗಟ್ಟಿಂಗ್ ಮಾಡಿ ಕೊಡ್ತೀನಿ.