ಎರಡನೇ ಬಂದೂಕು: ಈಗಲೇ ಮಾರಿಬಿಡೋದಾ, ಇಟ್ಟುಕೊಳ್ಳೋದಾ?

ಜಗಳೂರು ಜೋಳದವನು:
ಎಲ್ಲರಿಗೂ ನಮಸ್ಕಾರ. ನಮ್ಮೂರು ಜಗಳೂರು ತಾಲ್ಲೂಕು, ರಂಗಯ್ಯನದುರ್ಗದ ಕಾಡಿಗೆ ಹತ್ತಿರ. ನನ್ನ ಲೈಸೆನ್ಸ್‌ನಲ್ಲಿ ಎರಡು ಇವೆ. ಒಂದು 12 ಬೋರ್ ಡಬಲ್ ಬ್ಯಾರೆಲ್, ಇನ್ನೊಂದು .315 ರೈಫಲ್, ಇಶಾಪುರ ಫ್ಯಾಕ್ಟರಿಯದು. ಎರಡೂ ಅಪ್ಪ ತಗೊಂಡಿದ್ದು. ಜಗಳೂರು ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು, ಹಳೇ ಪುಸ್ತಕದ ಮೇಲೆ ಈಗಲೂ ದುರ್ಗದ ಡಿಸಿ ಸೀಲ್ ಇದೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆದ ಮೇಲೆ ಫೈಲ್ ಈ ಕಡೆ ಬಂತು. ಅಪ್ಪನಿಗೆ 70 ದಾಟಿದ ಮೇಲೆ ಎರಡನ್ನೂ ನನ್ನ ಹೆಸರಿಗೆ ಮಾಡಿಸಿದೆವು.

ಡಬಲ್ ಬ್ಯಾರೆಲ್ ಇರಲಿ, ಅದರ ಬಗ್ಗೆ ಪ್ರಶ್ನೆ ಇಲ್ಲ. ಹೊಲದಲ್ಲಿ ಒಂಟಿ ಮನೆ, ಅಪ್ಪ ಅಮ್ಮ ಅಲ್ಲೇ ಇರುತ್ತಾರೆ. ರೈಫಲ್ ಮಾತ್ರ ಬೀರುವಿನಲ್ಲಿ ಮಲಗಿದೆ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಗೆ ಬರುತ್ತೆ, ಕುಂಕುಮ ಹಚ್ಚಿಸಿಕೊಂಡು ಒಳಗೆ ಹೋಗುತ್ತೆ. ಎಲೆಕ್ಷನ್ ಬಂದಾಗ ಠಾಣೆಗೆ ಹೊತ್ತುಕೊಂಡು ಹೋಗಿ ಡೆಪಾಸಿಟ್ ಮಾಡೋದು, ಮುಗಿದ ಮೇಲೆ ಮತ್ತೆ ಹೋಗಿ ತರೋದು. ಅಷ್ಟೇ ಅದರ ಓಡಾಟ.

ಮೊನ್ನೆ ತೋಟಾ ತರಲು ಹೋದಾಗ ಅಂಗಡಿಯಲ್ಲಿ ಕೂತಿದ್ದವರೆಲ್ಲ ಒಂದೇ ಮಾತು: ಇನ್ನು ಮುಂದೆ ಒಬ್ಬರಿಗೆ ಒಂದೇ ಬಂದೂಕು ಅಂತ ರೂಲ್ಸ್ ಬರುತ್ತೆ, ಆಗ ಎರಡನೆಯದನ್ನ ಸುಮ್ನೆ ಠಾಣೆಗೆ ಕೊಟ್ಟು ಬರಬೇಕಾಗುತ್ತೆ ಅಂತ. ಹಿರಿಯೂರು ಕಡೆಯ ಒಬ್ಬರು, ಅವರಿಗೂ ಲೈಸೆನ್ಸ್ ಇದೆ, ಈಗಲೇ ಕೊಡ್ತೀರಾ ಅಂತ ಕೇಳ್ತಿದ್ದಾರೆ. ಹೇಳಿದ ರೇಟು ಹೊಸದರ ಅರ್ಧಕ್ಕೂ ಬರಲ್ಲ. ಅಪ್ಪ ಬೇಡ ಅಂತಾರೆ, ಮನೆಯವಳು ಕೊಟ್ಟುಬಿಡಿ ಅಂತಾಳೆ. ನೀವೇನು ಮಾಡ್ತಿದ್ರಿ?

ಬಾಡದ ಕ್ರಾಸ್:
ಮಾರಿ ಸ್ವಾಮಿ. ಪೂಜೆಗೆ ಕುಡುಗೋಲು, ಟ್ರ್ಯಾಕ್ಟರ್ ಇಲ್ವಾ?

ಕೋಟೆ ಕಡೆಯವನು:
ಮೊದಲು ಆ ಅಂಗಡಿ ಕಟ್ಟೆಯ ಸುದ್ದಿ ಪಕ್ಕಕ್ಕಿಡಿ. ಅದು ಹುಟ್ಟಿದ್ದು ಎಲ್ಲಿಂದ ಅಂತ ಹೇಳ್ತೀನಿ. 2019ಕ್ಕೆ ಮುಂಚೆ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. ಆ ವರ್ಷ ಕೇಂದ್ರ ಸರ್ಕಾರ ಆರ್ಮ್ಸ್ ಆಕ್ಟ್‌ಗೆ, ಅಂದರೆ ಶಸ್ತ್ರಾಸ್ತ್ರ ಕಾಯ್ದೆಗೆ, ತಿದ್ದುಪಡಿ ತಂದಾಗ ಮೊದಲ ಕರಡಿನಲ್ಲಿ ಇದ್ದದ್ದೇ 'ಒಂದು'. ಸಂಸತ್ತಿನಲ್ಲಿ ಚರ್ಚೆಗೆ ಬರುವ ಹೊತ್ತಿಗೆ ವಿರೋಧ ಜಾಸ್ತಿ ಆಗಿ ಅದು 'ಎರಡು' ಆಯಿತು. 2019ರ ಡಿಸೆಂಬರ್ 14ರಿಂದ ಜಾರಿ. ಮೂರನೆಯದು ಇದ್ದವರು ಒಂದು ವರ್ಷದೊಳಗೆ ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಡೀಲರ್‌ಗೋ ಒಪ್ಪಿಸಬೇಕಿತ್ತು. ಅದಾಗಿ 90 ದಿನದಲ್ಲಿ ಆ ಬಂದೂಕು ಲೈಸೆನ್ಸ್‌ನಿಂದ ಹೊರಗೆ. ಅದೇ ತಿದ್ದುಪಡಿಯಲ್ಲಿ ಲೈಸೆನ್ಸ್ ಅವಧಿ 3 ವರ್ಷ ಇದ್ದದ್ದು 5 ವರ್ಷ ಆಯಿತು, ಅದನ್ನ ಮಾತ್ರ ಕಟ್ಟೆಯಲ್ಲಿ ಯಾರೂ ನೆನೆಯಲ್ಲ.

ಅಂದ್ರೆ ನಿಮ್ಮದು ಈಗ ಕಾನೂನಿನ ಮಿತಿಯೊಳಗೇ ಇದೆ. ನಾಳೆ 'ಒಂದು' ಆದರೂ ಆಗಬಹುದು, ಒಮ್ಮೆ ಬರೆದ ಕರಡು ಮತ್ತೆ ಬರೆಯೋಕೆ ಕಷ್ಟ ಏನಿಲ್ಲ. ಆದರೆ ಹೋದ ಸಲ ಕೊಟ್ಟ ಹಾಗೆ ಗಡುವು ಕೊಟ್ಟೇ ಕೊಡುತ್ತಾರೆ, ರಾತ್ರೋರಾತ್ರಿ ಬಂದು ಕಿತ್ತುಕೊಂಡು ಹೋಗಲ್ಲ. ಹಾಗಾಗಿ ಹೆದರಿ ಅರ್ಧ ರೇಟಿಗೆ ಮಾರಬೇಡಿ. ಹೆದರಿಕೆ ಹುಟ್ಟಿಸುವವನೂ ಕೊಳ್ಳುವವನೂ ಒಂದೇ ಕಟ್ಟೆಯ ಮೇಲೆ ಕೂತಿರುತ್ತಾರೆ, ಗಮನಿಸಿ.

ಚಳ್ಳಕೆರೆ ಮಾಜಿ ಸೈನಿಕ:
ಮೇಲಿನವರು ಹೇಳಿದ್ದು ಅರ್ಧ ಸರಿ. ಗಡುವು ಕೊಡುತ್ತಾರೆ, ಆದರೆ ಆ ಗಡುವಿನಲ್ಲಿ ಎಲ್ಲರೂ ಒಟ್ಟಿಗೆ ಮಾರೋಕೆ ನಿಲ್ಲುತ್ತಾರೆ. ಕೊಳ್ಳುವವನ ಕೈಲೂ ಆಗ ಒಂದೇ ಇರಬೇಕು, ಅವನಾದರೂ ಯಾಕೆ ತಗೋತಾನೆ? ನಮ್ಮ ಭಾವನ ಮೂರನೇ ಬಂದೂಕು 2020ರಲ್ಲಿ ಡೀಲರ್ ಹತ್ತಿರ ಹೋಯಿತು, ಕೈಗೆ ಬಂದದ್ದು ಹೋಗಿ ಬಂದ ಖರ್ಚಿಗೆ ಸರಿ ಹೋಯಿತು. ಅದೂ ಒಳ್ಳೇ ಸ್ಥಿತಿಯಲ್ಲಿದ್ದ ಗನ್. ಮಾರೋದೇ ಆದರೆ ಯಾರಿಗೂ ಅವಸರ ಇಲ್ಲದ ಕಾಲದಲ್ಲಿ ಮಾರಬೇಕು, ಅಂದರೆ ಈಗ.

ಇನ್ನೊಂದು. ರೈಫಲ್ ಮತ್ತು 12 ಬೋರ್ ಒಂದೇ ಅಂತ ಹಳ್ಳಿಯಲ್ಲಿ ಅಂದುಕೊಳ್ಳುತ್ತಾರೆ. 12 ಬೋರ್‌ನ ಸಣ್ಣ ಚರೆ ಕೆಲವು ನೂರು ಮೀಟರ್ ಒಳಗೆ ನೆಲ ಸೇರುತ್ತೆ. .315 ಗುಂಡು ತಡೆ ಇಲ್ಲದಿದ್ದರೆ ಕಿಲೋಮೀಟರ್ ದಾಟುತ್ತೆ. ನಮ್ಮ ಕಡೆ ಬಯಲು ಸೀಮೆ, ಶೇಂಗಾ ಹೊಲದಲ್ಲಿ ರಾತ್ರಿ ಕಾವಲಿಗೆ ಯಾರ್ಯಾರು ಮಲಗಿರುತ್ತಾರೋ ಯಾರಿಗೆ ಗೊತ್ತು. ಹೊಲ ಕಾಯೋಕೆ ಅದು ಯಾವತ್ತೂ ಸರಿಯಾದ ಆಯುಧ ಅಲ್ಲ. ಕರಡಿ ಬಂತು ಅಂತ ಹೊಡೆದರೆ ಇನ್ನೂ ದೊಡ್ಡ ಕೇಸು. ಕರಡಿ, ಚಿರತೆ ಎರಡೂ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ, ನಮ್ಮ ಹೊಲ ಅಂದರೆ ಬಿಡಲ್ಲ. ಬೆಳೆ ಹೋದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ, ತಮಟೆ ಪಟಾಕಿ ಇಟ್ಟುಕೊಳ್ಳಿ.

ಬೀರುವಿನಲ್ಲಿ ಅಂದ್ರಲ್ಲ, ಬಟ್ಟೆಯ ಕವರ್ ಒಳಗೇ ಇಟ್ಟಿದ್ದರೆ ಮೊದಲು ತೆಗೆಯಿರಿ. ತೇವ ಹೀರಿ ಬ್ಯಾರೆಲ್ ತುಕ್ಕು ಹಿಡಿಯುತ್ತೆ. ಎಣ್ಣೆ ಹಚ್ಚಿ ಒರೆಸಿ ಇಡಿ, ರೈಫಲ್‌ನಿಂದ ಕಳಚಿದ ಬೋಲ್ಟ್ ಬೇರೆ ಕಡೆ ಬೀಗದಲ್ಲಿ, ತೋಟಾ ಇನ್ನೊಂದು ಕಡೆ ಬೀಗದಲ್ಲಿ.

ಹೊಳಲ್ಕೆರೆ ಅಡಕೆ:
ನಾನು ಇದಕ್ಕೆ ಒಪ್ಪಲ್ಲ. ಒಮ್ಮೆ ಲೈಸೆನ್ಸ್‌ನಿಂದ ರೈಫಲ್ ಹೋಯಿತು ಅಂದ್ರೆ ಮತ್ತೆ ಬರೆಸೋಕೆ ಎಷ್ಟು ಅಲೆಯಬೇಕು ಗೊತ್ತಾ? ಎಸ್ಪಿ ವರದಿ, ಯಾಕೆ ಬೇಕು ಅಂತ ಪ್ರಶ್ನೆ, ಫೈಲ್ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ. ಈಗ ಇರೋದು ಅಪ್ಪನ ಕಾಲದ ಗಟ್ಟಿ ದಾಖಲೆ. ಸುಮ್ನೆ ಯಾಕೆ ಕಳ್ಕೋತೀರಿ? ಕೊಡಗಿನವರನ್ನ ನೋಡಿ, ಅವರಿಗೆ ಲೈಸೆನ್ಸೇ ಬೇಡ, ಆದರೂ ಒಂದೂ ಬಿಟ್ಟುಕೊಡಲ್ಲ.

ಕೋಟೆ ಕಡೆಯವನು:
ಕೊಡಗಿನ ಮಾತು ಇಲ್ಲಿಗೆ ಬರಲ್ಲ ಅಣ್ಣ. ಅದು ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಇರುವ ವಿನಾಯಿತಿ, ಈಗಿನ ಆದೇಶ 2029ರವರೆಗೆ. ನಮಗೆ ನಿಮಗೆ ಅಲ್ಲ. ಇನ್ನು ಎರಡರ ಲೆಕ್ಕಕ್ಕೆ ಸೇರದವರು ಅಂದರೆ ಡೀಲರ್‌ಗಳು, ಆಮೇಲೆ ಮಾನ್ಯತೆ ಇರುವ ರೈಫಲ್ ಕ್ಲಬ್ಬಿನ ಸದಸ್ಯರು, ಅದೂ .22 ಅಥವಾ ಏರ್ ರೈಫಲ್‌ನಲ್ಲಿ ಗುರಿ ಅಭ್ಯಾಸಕ್ಕೆ. .315 ಇಟ್ಟುಕೊಂಡು ಕ್ಲಬ್ ಸೇರ್ತೀನಿ ಅಂದರೆ ಉಪಯೋಗ ಇಲ್ಲ.

ದುರ್ಗದ ವಕೀಲೆ:
ಮಾರಬೇಕೋ ಬೇಡವೋ ನಿಮ್ಮ ಮನೆಯ ವಿಷಯ. ಮಾರೋದಾದರೆ ಹೇಗೆ ಅನ್ನೋದನ್ನ ಇಲ್ಲಿ ಯಾರೂ ಹೇಳಿಲ್ಲ, ಅದಕ್ಕೆ ಬರೀತಿದ್ದೀನಿ.

ಆರ್ಮ್ಸ್ ಆಕ್ಟ್ 5ನೇ ಸೆಕ್ಷನ್ ಪ್ರಕಾರ ಸ್ವಂತದ ಬಂದೂಕು ಮಾರಲು ನಿಮಗೆ ಡೀಲರ್ ಲೈಸೆನ್ಸ್ ಬೇಕಿಲ್ಲ. ಆದರೆ ಮಾರುವ ಉದ್ದೇಶ ಇದೆ ಅಂತ ಡಿಸಿಗೆ ಅಥವಾ ಹತ್ತಿರದ ಠಾಣೆಯ ಅಧಿಕಾರಿಗೆ ಬರವಣಿಗೆಯಲ್ಲಿ ಮೊದಲೇ ತಿಳಿಸಬೇಕು, ತಿಳಿಸಿ 45 ದಿನ ಕಳೆಯಬೇಕು. ಆಮೇಲೆ ವ್ಯವಹಾರ. ಹಿರಿಯೂರಿನವರು ನಾಳೆಯೇ ಗಾಡಿ ತರ್ತೀನಿ ಅಂದರೆ ಬೇಡ ಅನ್ನಿ. ಲೈಸೆನ್ಸ್ ಇದೆ ಅಂದರೆ ಸಾಲದು, ಅದರಲ್ಲಿ ಜಾಗ ಖಾಲಿ ಇದೆಯಾ, ರೈಫಲ್ ಕೊಳ್ಳಲು ಅನುಮತಿ ಇದೆಯಾ, ಅವಧಿ ಮುಗಿದಿಲ್ವಾ, ಯುಐಎನ್ (ಲೈಸೆನ್ಸ್‌ದಾರರಿಗೆ ಕೊಡುವ ವಿಶಿಷ್ಟ ಗುರುತಿನ ನಂಬರ್) ಇದೆಯಾ, ಎಲ್ಲ ಮೂಲ ಪ್ರತಿಯಲ್ಲೇ ನೋಡಿ. ಫೋನಿಗೆ ಕಳಿಸಿದ ಫೋಟೋ ನಂಬಬೇಡಿ. ದುಡ್ಡು ಈಗ ತಗೊಂಡು ಪೇಪರ್ ಆಮೇಲೆ ಮಾಡೋಣ ಅನ್ನುವವರ ಜೊತೆ ಮಾತೇ ಮುಂದುವರಿಸಬೇಡಿ. ಪೇಪರ್ ಇಲ್ಲದೆ ಅದು ಅವರ ಮನೆಯಲ್ಲಿ ಸಿಕ್ಕರೆ ಅವರಿಗೆ ಕನಿಷ್ಠ 2 ವರ್ಷ ಜೈಲು, 5 ವರ್ಷದವರೆಗೂ ಆಗಬಹುದು, ನಂಬರ್ ಹುಡುಕಿಕೊಂಡು ಪೊಲೀಸರು ಬರೋದು ನಿಮ್ಮ ಮನೆಗೆ.

ಇನ್ನು ಕೆಲವರು ಬ್ಯಾರೆಲ್‌ಗೆ ವೆಲ್ಡಿಂಗ್ ಮಾಡಿಸಿ ಗೋಡೆಗೆ ನೇತು ಹಾಕ್ತೀನಿ ಅಂತಾರೆ. ಊರಿನ ವೆಲ್ಡಿಂಗ್ ಶಾಪಿನಲ್ಲಿ ಆ ಕೆಲಸ ಮಾಡಿಸಬೇಡಿ. ನಿಷ್ಕ್ರಿಯ ಮಾಡಿಸೋಕೆ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಬೇರೆ ದಾರಿ ಇದೆ, ಡಿಸಿ ಆಫೀಸಿನ ಶಸ್ತ್ರ ಶಾಖೆಯಲ್ಲಿ ಕೇಳಿ.

ಬಾಡದ ಕ್ರಾಸ್:
ಮೇಡಂ, ಮದುವೆಯಲ್ಲಿ ಒಂದು ಗಾಳಿಗೆ ಹೊಡೆದರೆ?

ದುರ್ಗದ ವಕೀಲೆ:
2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಅದೂ 2019ರ ತಿದ್ದುಪಡಿಯೇ. ಊಟ ಮಾಡಿ ಬನ್ನಿ ಸಾಕು.

ಜಗಳೂರು ಜೋಳದವನು:
ಎಲ್ಲರಿಗೂ ಥ್ಯಾಂಕ್ಸ್. 45 ದಿನದ ವಿಷಯ ನನಗೆ ಗೊತ್ತೇ ಇರಲಿಲ್ಲ, ಹಿರಿಯೂರಿನವರೂ ಹೇಳಲಿಲ್ಲ. ಹೇಳಲಿಲ್ಲ ಅನ್ನೋದೇ ಒಂದು ಸೂಚನೆ ಅನ್ನಿ. ಅವರಿಗೆ ಬೇಡ ಅಂತ ತಿಳಿಸಿದೆ.

ಅಪ್ಪನ ಹತ್ತಿರ ರಾತ್ರಿ ಕೂತು ಮಾತಾಡಿದೆ. ಅವರಿಗೆ ರೈಫಲ್ ಮೇಲೆ ಅಷ್ಟೇನೂ ಆಸೆ ಇಲ್ಲ, ಯಾರ ಕೈಗೆ ಹೋಗುತ್ತೋ ಅನ್ನೋದೇ ಚಿಂತೆ. 'ಗೊತ್ತಿರೋ ಮನುಷ್ಯನಿಗೆ, ಕಾಗದ ಸರಿ ಇದ್ದರೆ ಕೊಡು, ಇಲ್ಲ ಅಂದರೆ ಅಲ್ಲೇ ಬಿದ್ದಿರಲಿ' ಅಂದರು. ನನ್ನ ಮಗನಿಗೆ ಇದರಲ್ಲಿ ಆಸಕ್ತಿ ಇಲ್ಲ, ಬೆಂಗಳೂರು ಸೇರಿದ್ದಾನೆ, ನನ್ನ ನಂತರ ಇದನ್ನ ನೋಡಿಕೊಳ್ಳುವವರು ಯಾರೂ ಇಲ್ಲ. ರೂಲ್ಸ್ ಬರಲಿ ಬಿಡಲಿ, ಅದಕ್ಕೇ ಮಾರಬೇಕು ಅನ್ನಿಸುತ್ತಿದೆ. ಸೋಮವಾರ ಠಾಣೆಗೆ ಪತ್ರ ಕೊಡ್ತೀನಿ. ರೇಟು ನಿಧಾನಕ್ಕೆ ನೋಡೋಣ.

ಚಳ್ಳಕೆರೆ ಮಾಜಿ ಸೈನಿಕ:
ಸರಿ. ಹಾಗಾದರೆ ಒಬ್ಬ ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೆ ತೋರಿಸಿ ಬೋರ್, ಅಂದರೆ ಬ್ಯಾರೆಲ್‌ನ ಒಳಭಾಗ, ಹೇಗಿದೆ ಅಂತ ಬರೆಸಿಕೊಳ್ಳಿ. ತಗೊಂಡು ಹೋಗುವಾಗ ಲೈಸೆನ್ಸ್ ಪುಸ್ತಕ ಜೊತೆಗೇ ಇರಲಿ, ಗನ್ ಖಾಲಿ ಇರಲಿ, ಕವರ್‌ನಲ್ಲಿ ಇರಲಿ. ಬೋರ್ ಚೆನ್ನಾಗಿದ್ದರೆ ಅರ್ಧ ರೇಟಿಗೆ ಒಪ್ಪಬೇಡಿ.

ಹೊಳಲ್ಕೆರೆ ಅಡಕೆ:
ನಾನಾಗಿದ್ದರೆ ಇಟ್ಟುಕೊಳ್ಳುತ್ತಿದ್ದೆ. ಇರಲಿ ಬಿಡಿ. ನನ್ನ ಲೈಸೆನ್ಸ್‌ನಲ್ಲಿ ಒಂದೇ ಇದೆ, ಕೊಳ್ಳುವ ಅನುಮತಿಗೆ ಅರ್ಜಿ ಹಾಕಿ ನೋಡ್ತೀನಿ. ಬೇರೆಯವರಿಗೆ ಮಾತು ಕೊಡೋ ಮುಂಚೆ ನನಗೊಂದು ಮೆಸೇಜ್ ಹಾಕಿ.

ದುರ್ಗದ ವಕೀಲೆ:
ಠಾಣೆಗೆ ಕೊಡುವ ಪತ್ರದಲ್ಲಿ ಗನ್ ನಂಬರ್, ಲೈಸೆನ್ಸ್ ನಂಬರ್, ಯುಐಎನ್ ಮೂರನ್ನೂ ಬರೆಯಿರಿ. ಇನ್ನೊಂದು ಪ್ರತಿ ಮೇಲೆ ತಾರೀಕು ಸಮೇತ ಸೀಲ್ ಹಾಕಿಸಿಕೊಳ್ಳಿ, 45 ದಿನ ಎಣಿಸೋದು ಅಲ್ಲಿಂದಲೇ. ಅಡಕೆಯವರೇ, ನಿಮಗೆ ಅನುಮತಿ ಬರುವವರೆಗೆ ನೋಡೋಕೆ ಅಂತಲೂ ಅದನ್ನ ಮನೆಗೆ ತಂದಿಟ್ಟುಕೊಳ್ಳಬೇಡಿ.