ಆರನೆಯ ತಲೆಮಾರು ಮತ್ತು ಗಣಪಯ್ಯನ ನೆಪ

ಭಾನುವಾರ ಸಾಗರದ ಹೋಟೆಲೊಂದರ ಮೂಲೆಯ ಮೇಜಿನಲ್ಲಿ ನಡೆಯುವ ನಮ್ಮ ಹರಟೆಗೆ ಈ ಸಲ 6ಜಿ, ಅಂದರೆ ಮೊಬೈಲ್ ಜಾಲದ ಆರನೆಯ ತಲೆಮಾರು, ವಸ್ತುವಾದದ್ದು, ಬೆಂಗಳೂರಿನಲ್ಲಿ ದೂರಸಂಪರ್ಕ ಎಂಜಿನಿಯರ್ ಆಗಿರುವ ಸುಬ್ರಾಯ ರಜೆಗೆ ಊರಿಗೆ ಬಂದಿದ್ದರಿಂದ.

"ಐದನೆಯ ತಲೆಮಾರು ದೇಶಕ್ಕೆ ಬಂದದ್ದು 2022ರ ಅಕ್ಟೋಬರ್ 1ರಂದು. ನನ್ನ ಮನೆಗೆ ಬರಲು ಅದು ಇನ್ನೂ ಬಸ್ಸು ಹತ್ತಿಲ್ಲ. ಅಷ್ಟರಲ್ಲೇ ಆರನೆಯದಕ್ಕೆ ಸೀಮಂತವೇ?" ಎಂದ ಗಣಪಯ್ಯ. ಅವನ ಮನೆಯಲ್ಲಿ ಸಿಗ್ನಲ್ ಸಿಗುವುದು ಅಟ್ಟದ ಕಿಟಕಿಯಲ್ಲಿ ಮಾತ್ರ. ಹಿಂದೆ ಬೆಣ್ಣೆಯ ಗಡಿಗೆ ತೂಗುತ್ತಿದ್ದ ನೆಲುವಿನಲ್ಲಿ ಈಗ ಫೋನು ತೂಗುತ್ತದೆ. ಅದು ಹೊಡೆದುಕೊಂಡಾಗ ಇವನು ಏಣಿ ಹತ್ತಬೇಕು.

"ಸೀಮಂತವಲ್ಲ, ಜಾತಕ ಬರೆದಾಗಿದೆ," ಎಂದ ಸುಬ್ರಾಯ. "ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2023ರಲ್ಲೇ 6ಜಿಗೆಂದು ಐಎಂಟಿ-2030 ಎಂಬ ಚೌಕಟ್ಟನ್ನು ಒಪ್ಪಿದೆ. ಗರಿಷ್ಠ ವೇಗಕ್ಕೆ ಅದು ಕೊಟ್ಟಿರುವ ಉದಾಹರಣೆಗಳಲ್ಲಿ ಸೆಕೆಂಡಿಗೆ 200 ಗಿಗಾಬಿಟ್ ಕೂಡ ಇದೆ."

"ಅಷ್ಟು ವೇಗವಾಗಿ ನನಗೆ ಯಾರು ಏನನ್ನು ಕಳುಹಿಸಬೇಕು? ಅಡಿಕೆ ಧಾರಣೆ ನಿಧಾನವಾಗಿಯಾದರೂ ಏರಿ ಬಂದರೆ ಸಾಕು."

ಅಲೆಯ ಆವರ್ತನ ಏರಿದಂತೆ ವಿಶಾಲವಾದ ತರಂಗಪಟ್ಟಿ ಸಿಕ್ಕು ಹೆಚ್ಚು ಮಾಹಿತಿಯನ್ನು ಸಾಗಿಸಬಹುದಾದರೂ, 100 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಕೇವಲ 3 ಮಿಲಿಮೀಟರ್ ಆಗಿರುವುದರಿಂದ ಗೋಡೆ, ಸೋಗೆ, ಜಡಿಮಳೆ ಎಲ್ಲವೂ ಅದಕ್ಕೆ ಅಡ್ಡಿಯೇ ಎಂದು ಸುಬ್ರಾಯ ವಿವರಿಸಿದ.

"ಹಾಗಾದರೆ ಅದು ಹೊಸ ಅಳಿಯನ ಜಾತಿ. ಎಷ್ಟು ಹೊರೆಯನ್ನಾದರೂ ಹೊರುತ್ತೇನೆ ಎನ್ನುತ್ತದೆ, ನಾಲ್ಕು ಹನಿ ಬಿದ್ದರೆ ಜಗಲಿಯಿಂದ ಇಳಿಯುವುದಿಲ್ಲ."

"ಅದಕ್ಕೇ ಅಷ್ಟು ಮೇಲಕ್ಕೆ ಹೋಗದ, 7 ಗಿಗಾಹರ್ಟ್ಸ್ ಆಸುಪಾಸಿನ ತರಂಗಪಟ್ಟಿಯ ಮೇಲೆ ಎಲ್ಲರಿಗೂ ಕಣ್ಣು. ಆ ಕುರಿತ ಚರ್ಚೆ 2027ರ ವಿಶ್ವ ರೇಡಿಯೊ ಸಮ್ಮೇಳನದಲ್ಲಿ ನಡೆಯಲಿದೆ. ಟವರಿಲ್ಲದ ಕಡೆ ಉಪಗ್ರಹವನ್ನೂ ಇದೇ ಜಾಲದೊಳಗೆ ಸೇರಿಸುವ ಯೋಚನೆಯಿದೆ."

ಗಣಪಯ್ಯನ ಲೋಟ ತುಟಿಯ ಬಳಿಯೇ ನಿಂತಿತು. "ಅಂದರೆ ನನ್ನ ಕೊಟ್ಟಿಗೆಯಲ್ಲೂ ಫೋನು ಸಿಗುತ್ತದೆಯೇ?"

"ಅಷ್ಟೇ ಅಲ್ಲ, ಬಾವಲಿಯು ತನ್ನ ಕೂಗಿನ ಮಾರ್ದನಿಯಿಂದ ಕಂಬವನ್ನು ಗುರುತಿಸುವಂತೆ, ಟವರು ತಾನು ಕಳುಹಿಸಿದ ಅಲೆ ಏತಕ್ಕೋ ತಗುಲಿ ಮರಳಿದ್ದನ್ನು ಓದಿ, ಆ ವಸ್ತು ಎಲ್ಲಿದೆ, ಎಷ್ಟು ವೇಗದಲ್ಲಿ ಚಲಿಸುತ್ತಿದೆ ಎಂದು ತಿಳಿಯಬಲ್ಲದು. ಜೇಬಿನಲ್ಲಿ ಫೋನು ಇರಲೇಬೇಕೆಂದಿಲ್ಲ."

ನನ್ನನ್ನು ಕೇಳಿದರೆ, ವೇಗದ ಲೆಕ್ಕಗಳೆಲ್ಲ ಹಳೆಯ ಸಾರಿಗೆ ಇನ್ನಷ್ಟು ಒಗ್ಗರಣೆ ಹಾಕಿದಂತೆ. ನಿಜವಾಗಿ ಹೊಸದು ಈ ಬಾವಲಿ ವಿದ್ಯೆಯೇ. ಆದರೆ ಗಣಪಯ್ಯನಿಗೆ ಅದರ ಸೊಗಸು ಹಿಡಿಸಲಿಲ್ಲ. ಪಂಪ್‌ಸೆಟ್ ಸಾಲದ ಕಂತಿಗಾಗಿ ಸೊಸೈಟಿಯವರು ಕರೆ ಮಾಡಿದಾಗಲೆಲ್ಲ "ತೋಟದಲ್ಲಿದ್ದೆ, ನೆಟ್‌ವರ್ಕ್ ಇರಲಿಲ್ಲ" ಎನ್ನುವುದು ಅವನ ಪಿತ್ರಾರ್ಜಿತ ಆಸ್ತಿಯಷ್ಟೇ ಭದ್ರವಾದ ನೆಪವಾಗಿತ್ತು.

"ಇದು ಬರುವುದು ಯಾವಾಗ?" ಎಂದು ಅವನು ಸಣ್ಣ ದನಿಯಲ್ಲಿ ಕೇಳಿದ.

"2030ರ ಸುಮಾರಿಗೆ. ಅದೂ ಮೊದಲು ದೊಡ್ಡ ನಗರಗಳಿಗೆ."

ಗಣಪಯ್ಯ ಬೆರಳು ಮಡಚಿ ಏನನ್ನೋ ಎಣಿಸಿದ. "ಕೊನೆಯ ಕಂತು 2029ರ ಮಾರ್ಚಿಗೆ. ಅವಸರವಿಲ್ಲ, ಎಂಜಿನಿಯರುಗಳು ಚೆನ್ನಾಗಿ ಯೋಚಿಸಿಯೇ ಮಾಡಲಿ," ಎಂದು, ನನ್ನ ಲೆಕ್ಕದಲ್ಲಿ ಇನ್ನೊಂದು ಕಷಾಯ ತರಿಸಿದ.